ಹುಡುಗರ ಕೈಯನ್ನೇ ವಿಡಿಯೊ ಮಾಡಿ ಕಟಿಂಗ್ ಕಲಿಸಿದೆ: ನನ್ನ ಅನುಭವ

ನಮ್ಮ ಅಂಗಡಿಗೆ ಹೊಸದಾಗಿ ಸೇರಿದ ಹುಡುಗ ಈಗ ಹೆಚ್ಚೂಕಡಿಮೆ ಐದು ತಿಂಗಳಿಗೆ ಕುರ್ಚಿಗೆ ಬರುತ್ತಾನೆ, ಅಂದರೆ ಒಬ್ಬನೇ ಕಟಿಂಗ್ ಮಾಡುತ್ತಾನೆ. ನಾನು ಪಕ್ಕದಲ್ಲಿ ನಿಲ್ಲುವುದಿಲ್ಲ. ಗಿರಾಕಿ ಕನ್ನಡಿ ನೋಡಿಕೊಂಡು ಪೂರ್ತಿ ದುಡ್ಡು ಕೊಟ್ಟು ಹೋಗುತ್ತಾನೆ. ಮೊದಲು ಇದಕ್ಕೆ ವರ್ಷದ ಮೇಲೆ ಹಿಡಿಯುತ್ತಿತ್ತು, ಕೆಲವರಿಗೆ ಎರಡು ವರ್ಷ. ದಾವಣಗೆರೆಯ ನಮ್ಮ ಸೆಲೂನ್‌ನವರ ಹತ್ತಿರ ಮೊಬೈಲ್ ಇಟ್ಟುಕೊಂಡು ಕಲಿಸ್ತೀನಿ ಅಂದಾಗ ಯಾರೂ ಒಪ್ಪಲಿಲ್ಲ. “ಕತ್ತರಿ ಕೆಲಸ ಕೈಯಿಂದ ಕೈಗೆ ಬರಬೇಕು ಕಣಪ್ಪಾ, ಮೊಬೈಲ್‌ನಲ್ಲಿ ಬರುತ್ತಾ?” ಅಂತ ಹಿರಿಯರೊಬ್ಬರು ಎಲ್ಲರ ಮುಂದೆಯೇ ಕೇಳಿದರು. ಆಗ ತೋರಿಸೋದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಈಗ ಮೂರು ಬ್ಯಾಚ್ ಹುಡುಗರಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹಳೇ ಪದ್ಧತಿ ನಿಮಗೆಲ್ಲ ಗೊತ್ತಿರುವುದೇ. ಕಸ ಗುಡಿಸು, ಟವೆಲ್ ಒಗೆ, ನೊರೆ ಹಚ್ಚು, ಆಮೇಲೆ ಶೇವಿಂಗ್, ಯಾವಾಗಲೋ ಒಂದು ದಿನ ಕತ್ತರಿ. ಅಲ್ಲಿಯವರೆಗೆ ಹಿಂದೆ ನಿಂತು ನೋಡಿ ಕಲಿ ಅಂತೀವಿ. ಹಿಂದೆ ನಿಂತವನಿಗೆ ಕಾಣುವುದು ನಮ್ಮ ಬೆನ್ನು, ಮೊಣಕೈ. ಕತ್ತರಿ ಬಾಯಿ ಕಾಣುವುದೇ ಇಲ್ಲ. ಭಾನುವಾರ ಗಿರಾಕಿ ಸಾಲಾಗಿ ಕೂತಿರುವಾಗ ಕೆಲಸ ನಿಲ್ಲಿಸಿ ಹೇಳಿಕೊಡೋಕೆ ಆಗುತ್ತಾ? ಮಂಗಳವಾರ ರಜೆ ಅಂದರೆ ಹುಡುಗರು ಸೋಮವಾರ ರಾತ್ರಿಯೇ ಊರಿನ ಬಸ್ ಹತ್ತಿರುತ್ತಾರೆ.

2020ರ ಲಾಕ್‌ಡೌನ್‌ನಲ್ಲಿ ಇದು ತಲೆಗೆ ಹೊಕ್ಕಿತು. ಮಾರ್ಚ್ ಕೊನೆಗೆ ಮುಚ್ಚಿದ ಬಾಗಿಲು ತೆರೆಯೋಕೆ ಬಿಟ್ಟಿದ್ದು ಮೇ 19ಕ್ಕೆ. ಸರ್ಕಾರ ಕ್ಷೌರಿಕರಿಗೆ ತಲಾ 5000 ರೂಪಾಯಿ ಘೋಷಿಸಿದ್ದು ಆಗಲೇ. ಹುಡುಗರು ಊರಲ್ಲಿ ಖಾಲಿ ಕೂತಿದ್ದರು, ಕೈಯಲ್ಲಿ ಫೋನ್ ಇತ್ತು, ಡೇಟಾ ಇತ್ತು. ಯೂಟ್ಯೂಬ್ ಲಿಂಕ್ ಕಳಿಸೋಕೆ ಶುರು ಮಾಡಿದೆ.

ಅದು ಕೆಲಸಕ್ಕೆ ಬರಲಿಲ್ಲ. ಅರ್ಧ ಗಂಟೆಯ ಫೇಡ್ (ಕೆಳಗೆ ತೀರಾ ಗಿಡ್ಡ, ಮೇಲೆ ಹೋದಂತೆ ಉದ್ದ ಆಗುವ ಕಟಿಂಗ್) ಅನ್ನು ಒಂದು ನಿಮಿಷಕ್ಕೆ ಇಳಿಸಿ, ಹಾಡು ಹಾಕಿ ಬಿಟ್ಟಿರುತ್ತಾರೆ. ಲೈನ್ ಉಳಿದ ಜಾಗ, ಅದನ್ನು ಸರಿಮಾಡಿದ ಜಾಗ ಎರಡನ್ನೂ ಎಡಿಟ್ ಮಾಡಿ ತೆಗೆದಿರುತ್ತಾರೆ. ಕಲಿಯುವವನಿಗೆ ಬೇಕಾದ್ದು ಅದೇ ಜಾಗ. ಅಂಗಡಿ ತೆರೆದಾಗ ಹುಡುಗರಿಗೆ ಸ್ಟೈಲ್‌ಗಳ ಹೆಸರೆಲ್ಲ ಬಾಯಿಗೆ ಬಂದಿತ್ತು, ಕೈಗೆ ಏನೂ ಬಂದಿರಲಿಲ್ಲ.

ಆಮೇಲೆ ಒಂದು ಕಂಪನಿಯವರು ಬಂದರು. ಆಪ್ ಮಾಡಿಕೊಡ್ತೀವಿ, ಪಾಠ, ಪರೀಕ್ಷೆ, ಸರ್ಟಿಫಿಕೇಟ್ ಎಲ್ಲಾ ಅದರಲ್ಲೇ ಬರುತ್ತೆ ಅಂದರು. ಸುಮಾರು ಮೂವತ್ತು ಸಾವಿರ ಹೋಯಿತು. ಪಾಠ ಪೂರ್ತಿ ಇಂಗ್ಲಿಷ್‌ನಲ್ಲಿತ್ತು. ಕನ್ನಡ ಆಮೇಲೆ ಹಾಕ್ತೀವಿ ಅಂದವರು ಹಾಕಲೇ ಇಲ್ಲ. ಹುಡುಗರು ಪಾಸ್‌ವರ್ಡ್ ಮರೆಯುತ್ತಿದ್ದರು. ಫೋನ್‌ನಲ್ಲಿ ಜಾಗ ಇಲ್ಲ ಅಂತ ಮೊದಲು ಡಿಲೀಟ್ ಮಾಡುತ್ತಿದ್ದದ್ದು ನಮ್ಮ ಆಪನ್ನೇ. ಎರಡನೇ ವರ್ಷಕ್ಕೆ ಮತ್ತೆ ದುಡ್ಡು ಕೇಳಿದಾಗ ಕೈಬಿಟ್ಟೆ. ದುಡ್ಡಿನ ಜೊತೆ ಒಂದು ವರ್ಷವೂ ಹೋಯಿತು, ಅದೇ ಜಾಸ್ತಿ ಬೇಜಾರು.

ಮೂರನೆಯದು ನನ್ನದೇ ವಿಡಿಯೊ. ಕಟಿಂಗ್ ಶುರುವಿನಿಂದ ಕೊನೆಯವರೆಗೆ, ನಲವತ್ತು ನಿಮಿಷ, ಕನ್ನಡದಲ್ಲೇ ವಿವರಿಸಿ ಮಾಡಿದ್ದೆ. ಹುಡುಗರು ಐದು ನಿಮಿಷ ನೋಡಿ ಓಡಿಸುತ್ತಿದ್ದರು. ದಿನದ ಡೇಟಾ ಸಂಜೆಯೊಳಗೆ ರೀಲ್ಸ್‌ಗೇ ಖಾಲಿಯಾಗಿರುತ್ತಿತ್ತು.

ದಾರಿ ಸಿಕ್ಕಿದ್ದು ಜಗಳೂರು ಕಡೆಯ ಒಬ್ಬ ಹುಡುಗನಿಂದ. ಶ್ರದ್ಧೆ ಇರುವವನು. ಆದರೆ ಹಿಂದಲೆಯಲ್ಲಿ ಪ್ರತಿ ಸಲ ಮೆಟ್ಟಿಲು ಬೀಳುತ್ತಿತ್ತು, ಅಂದರೆ ಕೂದಲು ಒಂದೇ ಸಮ ಬರದೆ ಹಂತ ಹಂತವಾಗಿ ಕಾಣುತ್ತಿತ್ತು. “ಹೆಬ್ಬೆರಳು ಮಾತ್ರ ಆಡಿಸು, ಉಂಗುರದ ಬೆರಳು ಅಲ್ಲಾಡಬಾರದು” ಅಂತ ಹೇಳಿ ಹೇಳಿ ನನಗೇ ಸಾಕಾಗಿತ್ತು. “ಹಾಗೇ ಮಾಡ್ತಿದ್ದೀನಲ್ಲಣ್ಣ” ಅನ್ನುತ್ತಿದ್ದ. ಅವನು ಸುಳ್ಳು ಹೇಳುತ್ತಿರಲಿಲ್ಲ, ಹಾಗೇ ಮಾಡುತ್ತಿದ್ದೀನಿ ಅಂತಲೇ ನಂಬಿದ್ದ. ಒಂದು ದಿನ ಅವನ ಬಲಗೈಯನ್ನು ಮಾತ್ರ ಸ್ಲೋ ಮೋಷನ್‌ನಲ್ಲಿ ಹಿಡಿದೆ. ಅದರಲ್ಲಿ ಎಲ್ಲಾ ಕಂಡಿತು. ಕತ್ತರಿ ಮುಚ್ಚುವಾಗ ಹೆಬ್ಬೆರಳು ಇಳಿಯುವ ಹೊತ್ತಿಗೇ ಉಂಗುರದ ಬೆರಳು ಮೇಲಕ್ಕೆ ಬರುತ್ತಿತ್ತು. ಅಲುಗಾಡದೆ ನಿಲ್ಲಬೇಕಾದ ಅಲಗು ಬಾಚಣಿಗೆ ಬಿಟ್ಟು ಒಂದು ನೂಲಿನಷ್ಟು ಏಳುತ್ತಿತ್ತು. ಅದೇ ಕ್ಷಣಕ್ಕೆ ಎಡಗೈ ಬಾಚಣಿಗೆಯನ್ನು ನಿಲ್ಲಿಸಿಬಿಡುತ್ತಿತ್ತು. ನಿಂತಲ್ಲೆಲ್ಲ ಮೆಟ್ಟಿಲು. ಅವನು ಅದನ್ನು ಮತ್ತೆ ಮತ್ತೆ ಹಿಂದಕ್ಕೆ ಎಳೆದು ನೋಡಿದ. “ಅಣ್ಣಾ, ಇದು ನನ್ನ ಕೈಯೇನಾ?” ಅಂದ. ತಿಂಗಳುಗಟ್ಟಲೆ ಹೇಳಿ ಸರಿಹೋಗದ್ದು ಆ ವಾರದಲ್ಲೇ ಸರಿಹೋಯಿತು.

ಅಲ್ಲಿಂದ ನನ್ನ ಪ್ಲಾನ್ ಪೂರ್ತಿ ಬದಲಾಯಿತು. ಮೇಷ್ಟ್ರ ವಿಡಿಯೊ ಚಿಕ್ಕದಿರಬೇಕು, ಹುಡುಗನ ವಿಡಿಯೊ ಜಾಸ್ತಿ ಇರಬೇಕು. ಮೊದಲು ನೋಟ್‌ಬುಕ್‌ನಲ್ಲಿ ಕಟಿಂಗ್, ಶೇವಿಂಗ್, ಕಲರ್‌ನ ಕೈಕೆಲಸಗಳನ್ನೆಲ್ಲ ಬಿಡಿಬಿಡಿಯಾಗಿ ಬರೆದೆ. ಅರವತ್ತರ ಹತ್ತಿರ ಬಂತು. ಒಂದೊಂದಕ್ಕೂ ಒಂದೇ ವಿಡಿಯೊ, ಒಂದೂವರೆ ನಿಮಿಷ ಮೀರಬಾರದು. ಹುಡುಗ ಅದನ್ನು ನೋಡುತ್ತಾನೆ, ಡಮ್ಮಿ ತಲೆ (ಅಭ್ಯಾಸಕ್ಕೆ ಇಡುವ, ಕೂದಲಿರುವ ಗೊಂಬೆ ತಲೆ) ಮೇಲೆ ಮಾಡುತ್ತಾನೆ, ತನ್ನ ಕೈಯನ್ನು ತಾನೇ ವಿಡಿಯೊ ಮಾಡಿಕೊಳ್ಳುತ್ತಾನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಎಲ್ಲಿ ಬೇರೆ ಆಯಿತು ಅಂತ ವಾಯ್ಸ್ ಮೆಸೇಜ್ ಹಾಕಬೇಕು. ಇದು ಕಡ್ಡಾಯ. ಅವನು ಬಾಯಿಬಿಟ್ಟು ಹೇಳುವವರೆಗೆ ನಾನು ಉತ್ತರ ಕೊಡಲ್ಲ. ಕೆಲವರಿಗೆ ಓದು ಬರಹ ಕಷ್ಟ, ಅದಕ್ಕೇ ಬರೆಸುವುದಿಲ್ಲ. ಅಂಗಡಿ ಬಾಗಿಲು ಹಾಕಿದ ಮೇಲೆ ಅರ್ಧ ಗಂಟೆ ಕೂತು ಎಲ್ಲರಿಗೂ ಉತ್ತರ ಹೇಳುತ್ತೇನೆ. ಗೂಗಲ್ ಶೀಟ್‌ನಲ್ಲಿ ಒಬ್ಬೊಬ್ಬರದೂ ಒಂದು ಸಾಲು. ಕೆಂಪು, ಹಳದಿ, ಹಸಿರು. ಹಸಿರು ಆಗದೆ ಮುಂದಿನ ಕೆಲಸ ಇಲ್ಲ.

ಕೆಲಸಗಳನ್ನು ಜೋಡಿಸಿದ ಕ್ರಮಕ್ಕೆ ಜಗಳವೇ ಆಗಿದೆ. ಎಲ್ಲರೂ ಈಗ ಮಷಿನ್‌ನಿಂದ ಶುರು ಮಾಡಿಸುತ್ತಾರೆ, ಬೇಗ ದುಡಿಮೆ ಬರುತ್ತೆ ಅಂತ. ನಾನು ಮಷಿನ್ ಕೊಡುವುದು ಕೊನೆಗೆ. ಮೊದಲು ಕೂದಲಿಲ್ಲದೆ ಬರೀ ಕತ್ತರಿ ತೆರೆದು ಮುಚ್ಚುವುದು, ಆಮೇಲೆ ಬಾಚಣಿಗೆ ತಿರುಗಿಸುವುದು, ಆಮೇಲೆ ಬಾಚಣಿಗೆ ಮೇಲೆ ಕತ್ತರಿ. ಮೊದಲೇ ಮಷಿನ್ ಕೊಟ್ಟರೆ ಕೆಲಸವನ್ನು ಅದರ ಗಾರ್ಡ್ (ಉದ್ದದ ಅಳತೆಗೆ ಮಷಿನ್ ಬಾಯಿಗೆ ಸಿಕ್ಕಿಸುವ ಬಾಚಣಿಗೆಯಂಥದ್ದು) ಮಾಡುತ್ತೆ, ಕೈ ಸೋಮಾರಿಯಾಗುತ್ತೆ. ಕತ್ತರಿ ಕೂತ ಕೈಗೆ ಫೇಡ್ ಎರಡು ವಾರದಲ್ಲಿ ಬರುತ್ತೆ. 1ನೇ ನಂಬರ್ ಗಾರ್ಡ್ ಅಂದರೆ 3 ಎಂಎಂ, 2 ಅಂದರೆ 6, ಮಷಿನ್ ಪಕ್ಕದ ಲಿವರ್ ತೆರೆದಷ್ಟೂ ಕೂದಲು ಉದ್ದ ಉಳಿಯುತ್ತೆ. ಇಂಥದ್ದನ್ನೆಲ್ಲ ಫೋನ್‌ನಲ್ಲೇ ಪ್ರಶ್ನೆ ಕೇಳಿ ಮುಗಿಸುತ್ತೇನೆ. ಅದಕ್ಕೆ ಅಂಗಡಿ ಟೈಮ್ ಯಾಕೆ ಹಾಳು ಮಾಡಬೇಕು?

ಸಾಮಾನಿನ ವಿಷಯ. ವಿಡಿಯೊ ಹಿಡಿಯೋಕೆ ಹುಡುಗರ ಫೋನ್ ಬೇಡ. ಒಂದು ಹಳೇ ಫೋನ್ ಕೊಂಡೆ, ಐದು ಸಾವಿರದ ಆಸುಪಾಸು. ಸಿಮ್ ಹಾಕಿಲ್ಲ, ಅಂಗಡಿ ವೈಫೈ ಮಾತ್ರ. ಕರೆ ಇಲ್ಲ, ರೀಲ್ಸ್ ಇಲ್ಲ. ಸ್ಲೋ ಮೋಷನ್ ಬರುತ್ತಾ ಅಂತ ನೋಡಿ ತಗೊಳ್ಳಿ, ಬೇರೆ ಏನೂ ಮುಖ್ಯ ಅಲ್ಲ. ಬಾಗುವ ಸ್ಟ್ಯಾಂಡ್ ನಾನೂರು ರೂಪಾಯಿ. ರಿಂಗ್ ಲೈಟ್ ತಂದಿದ್ದೆ, ಕನ್ನಡಿಯಲ್ಲಿ ಪ್ರತಿಫಲಿಸಿ ಕತ್ತರಿ ಹೊಳೆದು ಅಲಗು ಕಾಣದ ಹಾಗೆ ಆಯಿತು. ಈಗ ಅದು ನನ್ನ ಮಗಳ ಹತ್ತಿರ ಇದೆ. ಕಿಟಕಿ ಪಕ್ಕದ ಕುರ್ಚಿ, ಬೆಳಗಿನ ಬೆಳಕು ಸಾಕು. ಕನ್ನಡಿಯನ್ನಂತೂ ಹಿಡಿಯಲೇಬೇಡಿ. ಎಡ ಬಲ ಅದಲುಬದಲಾಗಿ ಹುಡುಗ ಗೊಂದಲಕ್ಕೆ ಬೀಳುತ್ತಾನೆ. ಕತ್ತರಿಸುವವನ ಬಲ ಹೆಗಲ ಮೇಲಿಂದ, ಅವನ ಕಣ್ಣಿಗೆ ಕಾಣುವ ಹಾಗೇ ಹಿಡಿಯಬೇಕು. ಸ್ಟ್ಯಾಂಡ್ ಎಷ್ಟು ಎತ್ತರ, ಬಾಚಣಿಗೆಗೆ ನಾನು ಏನು ಗುರುತು ಮಾಡುತ್ತೇನೆ ಅನ್ನುವುದು ನಮ್ಮ ಅಂಗಡಿಯ ಗುಟ್ಟು, ಅದನ್ನು ಇಲ್ಲಿ ಹೇಳಲ್ಲ.

ಇನ್ನೊಂದು. ವಾಟ್ಸಾಪ್‌ನಲ್ಲಿ ಕಳಿಸಿದರೆ ವಿಡಿಯೊ ಒತ್ತಿಹೋಗಿ ಕೂದಲೆಳೆ ಮಸುಕಾಗುತ್ತೆ. ಗೂಗಲ್ ಡ್ರೈವ್‌ಗೆ ಹಾಕಿ. ಪ್ರತಿ ಕುರ್ಚಿಯ ಪಕ್ಕ ಕ್ಯೂಆರ್ ಸ್ಟಿಕರ್ ಅಂಟಿಸಿದ್ದೇನೆ, ಸ್ಕ್ಯಾನ್ ಮಾಡಿದರೆ ಆ ಕೆಲಸದ ವಿಡಿಯೊ ನೇರ ತೆರೆಯುತ್ತೆ. ಜೆರಾಕ್ಸ್ ಅಂಗಡಿಯಲ್ಲಿ ಒಂದಕ್ಕೆ ಹತ್ತಿಪ್ಪತ್ತು ರೂಪಾಯಿ.

ಡಮ್ಮಿ ತಲೆಯಲ್ಲಿ ಉಳಿತಾಯ ಮಾಡಬೇಡಿ. ಸಿಂಥೆಟಿಕ್ ಎಂಟುನೂರು, ಸಾವಿರಕ್ಕೆ ಸಿಗುತ್ತೆ. ಆದರೆ ಡ್ರೈಯರ್ ಬಿಸಿಗೆ ಸುರುಟುತ್ತೆ, ಕಲರ್ ಹಿಡಿಯಲ್ಲ, ಕತ್ತರಿ ಕೆಳಗೆ ಜಾರುತ್ತೆ. ನಿಜವಾದ ಕೂದಲಿನದು ಮೂರು ಸಾವಿರ ಇರಬಹುದು. ಉದ್ದ ಕೂದಲಿನ ತಲೆ ತಂದು ಮೊದಲು ಉದ್ದ ಕಟಿಂಗ್, ಆಮೇಲೆ ಮಧ್ಯಮ, ಕೊನೆಗೆ ಫೇಡ್ ಅಂತ ಇಳಿಸುತ್ತಾ ಬಂದರೆ ಒಂದೇ ತಲೆಯಲ್ಲಿ ಏಳೆಂಟು ಪಾಠ ತೆಗೆಯಬಹುದು. ಡಮ್ಮಿ ಮುಗಿದ ಮೇಲೆ ಹಾಸ್ಟೆಲ್ ಹುಡುಗರು. ದಾವಣಗೆರೆಯಲ್ಲಿ ಕಾಲೇಜುಗಳಿಗೇನು ಕಮ್ಮಿ? ಮಂಗಳವಾರ ಫ್ರೀ ಕಟಿಂಗ್ ಅಂದರೆ ಬರುತ್ತಾರೆ. ವಿಡಿಯೊ ಮಾಡ್ತೀವಿ ಅಂತ ಮೊದಲೇ ಹೇಳುತ್ತೇವೆ, ಮುಖ ಬರದ ಹಾಗೆ ಹಿಡಿಯುತ್ತೇವೆ. ಆ ದಿನ ಅಂಗಡಿಗೆ ಬರುವ ಹುಡುಗರಿಗೆ ಊಟ, ಬಸ್ ಚಾರ್ಜ್ ನಾನೇ ಕೊಡುತ್ತೇನೆ. ಬದಲಿಗೆ ಬುಧವಾರ ಅರ್ಧ ದಿನ ರಜೆ.

ಕಲರ್ ಪಾಠಕ್ಕೆ ಫೋನ್ ಅರ್ಧ ಒಳ್ಳೆಯದು, ಅರ್ಧ ಕೆಟ್ಟದ್ದು. ಕಲರ್ ಜೊತೆ ಬೆರೆಸುವ 20 ವಾಲ್ಯೂಮ್ ಡೆವಲಪರ್ ಅಂದರೆ 6 ಪರ್ಸೆಂಟ್ ಪೆರಾಕ್ಸೈಡ್, 30 ಅಂದರೆ 9, ಕಲರ್ ಹಚ್ಚುವ 48 ಗಂಟೆ ಮೊದಲು ಕಿವಿ ಹಿಂದೆ ಸ್ವಲ್ಪ ಹಚ್ಚಿ ಅಲರ್ಜಿ ನೋಡುವ ಪ್ಯಾಚ್ ಟೆಸ್ಟ್. ಇದನ್ನೆಲ್ಲ ಗೂಗಲ್ ಫಾರ್ಮ್‌ನಲ್ಲಿ ಕೇಳಿ ಕೇಳಿ ಬಾಯಿಪಾಠ ಮಾಡಿಸಬಹುದು. ಪ್ಯಾಚ್ ಟೆಸ್ಟ್ ಪ್ರಶ್ನೆ ಪ್ರತಿ ವಾರ ಬರುತ್ತೆ. ಕಪ್ಪು ಡೈನಲ್ಲಿರುವ ಪಿಪಿಡಿ ಅನ್ನುವ ಕೆಮಿಕಲ್ ಆಗದವರಿಗೆ ಮುಖ ಊದಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಫೋಟೊ ತೋರಿಸಿ “ಇದು ಎಷ್ಟನೇ ಲೆವೆಲ್?” (ಕೂದಲು ಎಷ್ಟು ಕಪ್ಪು, ಎಷ್ಟು ತಿಳಿ ಅನ್ನುವ ನಂಬರ್) ಅಂತ ಕೇಳಿದ್ದು ಪೂರ್ತಿ ನೆಲಕಚ್ಚಿತು. ಟ್ಯೂಬ್‌ಲೈಟ್ ಕೆಳಗೆ 4 ಇದ್ದದ್ದು 5ರ ಹಾಗೆ ಕಾಣುತ್ತೆ, ಒಂದೊಂದು ಫೋನ್‌ನಲ್ಲಿ ಒಂದೊಂದು ಬಣ್ಣ. ಶೇಡ್ ಕಾರ್ಡ್ ಕೈಗೆ ಕೊಟ್ಟು ಬಾಗಿಲ ಬೆಳಕಿನಲ್ಲೇ ಕಲಿಸಬೇಕು.

ಮಧ್ಯೆ ಒಂದು ಪ್ರಯೋಗ ಮಾಡಿದೆ. ಸಂಗೀತ ಕಲಿಯುವವರು ಇಟ್ಟುಕೊಳ್ಳುವ ಮೆಟ್ರೊನೋಮ್ ಆಪ್ ಇದೆಯಲ್ಲ, ಟಕ್ ಟಕ್ ಅಂತ ಲಯ ಕೊಡುವುದು. ಅದನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಒಂದು ಟಕ್‌ಗೆ ಒಂದು ಸಲ ಕತ್ತರಿ ಮುಚ್ಚಿಸಿದೆ. ಬಾಚಣಿಗೆ ಮಾತ್ರ ನಿಲ್ಲದೆ ಮೇಲೇರುತ್ತಿರಬೇಕು. 60 ಕೂತ ಮೇಲೆ 80, ಆಮೇಲೆ 100. ಬಾಚಣಿಗೆ ತಡೆಯುವ ಚಾಳಿ ಬಿಡಿಸೋಕೆ ಇದಕ್ಕಿಂತ ಚೆನ್ನಾಗಿದ್ದು ನಾನು ಕಂಡಿಲ್ಲ. 120ಕ್ಕೆ ಹೋದಾಗ ಮಣಿಕಟ್ಟು ಬಿಗಿಯಾಗಿ ನೋವು ಅಂದರು, 100ಕ್ಕೇ ನಿಲ್ಲಿಸಿದ್ದೇನೆ. ಬಲೂನಿಗೆ ನೊರೆ ಹಚ್ಚಿ ಬ್ಲೇಡ್ ಆಡಿಸುವುದಂತೂ ಹಳೇದು. ಅದನ್ನೂ ಸ್ಲೋ ಮೋಷನ್‌ನಲ್ಲಿ ಹಿಡಿದೆ. ಬ್ಲೇಡ್ ಯಾವ ಕೋನಕ್ಕೆ ಬಂದಾಗ ಒಡೆಯಿತು ಅಂತ ಚೆನ್ನಾಗಿ ಕಾಣುತ್ತೆ. ಆದರೆ ಒತ್ತಡ ಕಾಣಲ್ಲ. ಕೆನ್ನೆ ಮೇಲೆ ಬ್ಲೇಡ್ ಎಷ್ಟು ಹಗುರ ಇರಬೇಕು ಅನ್ನುವುದನ್ನು ಯಾವ ವಿಡಿಯೊನೂ ಕಲಿಸಲ್ಲ. ಅಲ್ಲಿ ಈಗಲೂ ಅವರ ಕೈ ಮೇಲೆ ನನ್ನ ಕೈ ಇಟ್ಟೇ ಕಲಿಸುತ್ತೇನೆ. ಆ ಹಿರಿಯರು ಹೇಳಿದ್ದು ಶೇವಿಂಗ್ ಮಟ್ಟಿಗೆ ನಿಜ.

ದುಡ್ಡಿನ ಲೆಕ್ಕ. ಆಪ್‌ಗೆ ಕೊಟ್ಟದ್ದನ್ನು ಬಿಟ್ಟರೆ ಫೋನ್, ಸ್ಟ್ಯಾಂಡ್, ಮೈಕ್, ಡಮ್ಮಿಗಳು ಎಲ್ಲಾ ಸೇರಿ ಇಪ್ಪತ್ತು ಇಪ್ಪತ್ತೆರಡು ಸಾವಿರ ಆಗಿರಬಹುದು. ವೈಫೈ ತಿಂಗಳಿಗೆ ಆರುನೂರು. ಒಬ್ಬ ಹುಡುಗ ಏಳೆಂಟು ತಿಂಗಳು ಮೊದಲೇ ಕುರ್ಚಿಗೆ ಬಂದರೆ, ದಿನಕ್ಕೆ ಐದಾರು ಕಟಿಂಗ್ ಅಂದರೂ ಹಾಕಿದ ದುಡ್ಡು ಎರಡು ತಿಂಗಳಲ್ಲಿ ವಾಪಸ್. ಸಂಬಳವೂ ಬೇಗ ಏರುತ್ತೆ, ಹುಡುಗ ಬೆಂಗಳೂರಿಗೆ ಓಡಲ್ಲ. ಮೊದಲ ಬ್ಯಾಚ್‌ನ ಇಬ್ಬರು ಈಗಲೂ ನನ್ನ ಜೊತೆಗೇ ಇದ್ದಾರೆ.

ಸರ್ಕಾರದ ಅಪ್ರೆಂಟಿಸ್ ಯೋಜನೆಯಲ್ಲೂ ಹೆಸರು ಹಾಕಿಸಿ. ನಾಲ್ಕು ಅಥವಾ ಜಾಸ್ತಿ ಜನ ಕೆಲಸ ಮಾಡುವ ಅಂಗಡಿ ಸೇರಿಕೊಳ್ಳಬಹುದು. 2016ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಕಲಿಯುವ ಹುಡುಗನಿಗೆ ಕೊಡುವ ಸ್ಟೈಪೆಂಡ್‌ನ ಕಾಲು ಭಾಗ, ತಿಂಗಳಿಗೆ 1500 ರೂಪಾಯಿವರೆಗೆ, ಸರ್ಕಾರ ಭರಿಸುತ್ತೆ. ಅರ್ಜಿ ಎಲ್ಲಾ ಆನ್‌ಲೈನ್, ನನಗೆ ಸೈಬರ್ ಸೆಂಟರ್‌ಗೆ ಓಡಾಡಿ ಸಾಕಾಯಿತು. ಆದರೂ ಹುಡುಗನ ಕೈಗೊಂದು ಸರ್ಟಿಫಿಕೇಟ್ ಬರುತ್ತಲ್ಲ, ಅಪ್ಪ ಅಮ್ಮನಿಗೆ ಅದೇ ದೊಡ್ಡ ವಿಷಯ. ಸ್ವಂತ ಅಂಗಡಿ ಇಡುವವರಿಗೆ 2023ರ ಪಿಎಂ ವಿಶ್ವಕರ್ಮ ಯೋಜನೆಯಲ್ಲೂ ಕ್ಷೌರಿಕರು ಸೇರಿದ್ದಾರೆ, ಸಾಮಾನಿಗೆ 15,000 ರೂಪಾಯಿ ಇದೆ.

ಎಲ್ಲರ ಮುಂದೆ ಪ್ರಶ್ನೆ ಕೇಳಿದ ಆ ಹಿರಿಯರು ಕಳೆದ ವರ್ಷ ತಮ್ಮ ತಂಗಿಯ ಮಗನನ್ನು ನನ್ನ ಹತ್ತಿರವೇ ಬಿಟ್ಟಿದ್ದಾರೆ. ಅವನ ಶೀಟ್‌ನಲ್ಲಿ ಈಗ ಮುಕ್ಕಾಲು ಪಾಲು ಹಸಿರು.

ಸದ್ಯಕ್ಕೆ ಹೆಂಗಸರ ಲೇಯರ್ ಕಟಿಂಗ್‌ಗೆ ಇದೇ ರೀತಿ ವಿಡಿಯೊ ಮಾಡಿಸುತ್ತಿದ್ದೇನೆ. ನನ್ನ ನಾದಿನಿ ಪಾರ್ಲರ್ ನಡೆಸುತ್ತಾಳೆ, ಅವಳ ಹತ್ತಿರ ಇಬ್ಬರು ಹುಡುಗಿಯರು ಕಲಿಯುತ್ತಿದ್ದಾರೆ. ಅಲ್ಲಿ ಹೆಗಲ ಮೇಲಿನ ಕ್ಯಾಮೆರಾ ನಡೆಯುವುದಿಲ್ಲ. ಕೂದಲನ್ನು ಎಷ್ಟು ಎತ್ತಿ ಹಿಡಿದರು, 45 ಡಿಗ್ರಿಯೋ 90 ಡಿಗ್ರಿಯೋ ಅನ್ನುವುದು ಪಕ್ಕದಿಂದಲೇ ಕಾಣಬೇಕು. ಎರಡು ಫೋನ್ ಇಟ್ಟು ನೋಡುತ್ತಿದ್ದೇವೆ, ಒಂದು ಪಕ್ಕದಲ್ಲಿ, ಒಂದು ಮೇಲೆ. ಮೇಲಿನದಕ್ಕೆ ಫ್ಯಾನ್ ಅಡ್ಡ ಬರುತ್ತಿದೆ, ಅದಕ್ಕೊಂದು ದಾರಿ ಹುಡುಕಬೇಕು.