ಸಣ್ಣ ವಿಮಾನವನ್ನು ಉತ್ತರ ಅಟ್ಲಾಂಟಿಕ್ ದಾಟಿಸಿ ಹೊಸ ಮಾಲೀಕರಿಗೆ ಒಪ್ಪಿಸುವುದು

ಸಾಗರ ದಾಟಲು ವಿಮಾನದೊಳಗೆ ತಾತ್ಕಾಲಿಕವಾಗಿ ಕೂರಿಸುವ ಹೆಚ್ಚುವರಿ ಇಂಧನದ ಟ್ಯಾಂಕಿಗೆ ಫೆರಿ ಟ್ಯಾಂಕ್ ಎನ್ನುತ್ತಾರೆ. ಅದನ್ನು ಹಾಕುವುದು ಆಚೆ ದಡ ಮುಟ್ಟಲಿಕ್ಕೆ ಎಂದು ಬಹಳ ಜನ ತಿಳಿದಿದ್ದಾರೆ. ನಿಜದಲ್ಲಿ, ಆಚೆ ದಡದ ನಿಲ್ದಾಣ ಹವೆಯಿಂದ ಮುಚ್ಚಿಹೋದರೆ ಹೊರಟಲ್ಲಿಗೇ ಮರಳಿ ಬರಲಿಕ್ಕೆ ಅದು ಬೇಕು. ಈ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಲೆಕ್ಕಗಳೆಲ್ಲ ತಾವಾಗಿಯೇ ಕೂಡಿಬರುತ್ತವೆ.

ಅಮೆರಿಕದಲ್ಲಿ ಮಾರಾಟವಾದ ಒಂದು ಎಂಜಿನ್ನಿನ ವಿಮಾನವನ್ನು ಯುರೋಪಿಗೆ ಕಳಿಸಲು ಇರುವುದು ಎರಡು ದಾರಿ. ಒಂದು, ರೆಕ್ಕೆ ಬಿಚ್ಚಿ ಕಂಟೇನರಿನಲ್ಲಿ ತುಂಬುವುದು. 40 ಅಡಿ ಕಂಟೇನರಿನ ಒಳ ಅಗಲ ಸುಮಾರು 2.35 ಮೀಟರ್ ಮಾತ್ರ. ಹಾಗಾಗಿ ರೆಕ್ಕೆಯ ಜೊತೆಗೆ ಬಾಲದ ಅಡ್ಡ ಭಾಗವನ್ನೂ ಕಳಚಬೇಕಾಗುತ್ತದೆ. ಆಚೆ ಜೋಡಿಸಿದ ಮೇಲೆ ಕೇಬಲ್ ಬಿಗಿತ, ರಿಗ್ಗಿಂಗ್ (ರೆಕ್ಕೆ, ಬಾಲಗಳ ಹೊಂದಾಣಿಕೆ) ಎಲ್ಲವನ್ನೂ ಮೊದಲಿನಿಂದ ಸರಿಮಾಡಬೇಕು. ಸಿರಸ್‌ನಂತೆ ರೆಕ್ಕೆಯ ಬೆನ್ನೆಲುಬಾದ ಸ್ಪಾರ್ ಒಂದೇ ತುಂಡಾಗಿರುವ ವಿಮಾನಕ್ಕೆ ಈ ದಾರಿ ಇನ್ನೂ ತೊಡಕು. ವಿಮಾನ ಹಾರುವ ಸ್ಥಿತಿಯಲ್ಲಿದ್ದು, ಕಾಲವೂ ಅನುಕೂಲವಾಗಿದ್ದರೆ ಹಾರಿಸಿಕೊಂಡು ಹೋಗುವುದೇ ಮೇಲು.

ಕಾಗದಪತ್ರ: ಯಾವುದು ಮೊದಲು

ಇಲ್ಲಿ ಎಡವುವುದು ಸಾಮಾನ್ಯವಾಗಿ ನೋಂದಣಿಯಲ್ಲಿ. ಎನ್ ಅಕ್ಷರದ ಅಮೆರಿಕನ್ ನೋಂದಣಿ ಮಾಲೀಕತ್ವಕ್ಕೆ ಅಂಟಿಕೊಂಡಿರುತ್ತದೆ. ಅಲ್ಲಿ ನೋಂದಣಿ ಮಾಡಿಸಲು ಅರ್ಹತೆಯಿಲ್ಲದ ವಿದೇಶಿ ಖರೀದಿದಾರರ ಹೆಸರಿಗೆ ವಿಮಾನ ವರ್ಗವಾದ ಕ್ಷಣವೇ ಅದು ಬಿದ್ದುಹೋಗುತ್ತದೆ. ನೋಂದಣಿ ಇಲ್ಲದ ವಿಮಾನ ಗಡಿ ದಾಟುವಂತಿಲ್ಲ, ವಿಮೆಯೂ ನಿಲ್ಲುವುದಿಲ್ಲ. ಆದ್ದರಿಂದ ಹಣವನ್ನು ಎಸ್ಕ್ರೋ ಖಾತೆಯಲ್ಲಿ (ಷರತ್ತು ಪೂರೈಸುವ ತನಕ ಮೂರನೆಯವರು ಕಾಯ್ದಿಡುವ ಖಾತೆ) ಇರಿಸಿ, ವಿಮಾನ ತಲುಪುವ ತನಕ ಮಾಲೀಕತ್ವವನ್ನು ಮಾರಿದವರ ಹೆಸರಿನಲ್ಲೇ ಉಳಿಸಿಕೊಳ್ಳಿ. ಇಲ್ಲವೇ ಖರೀದಿದಾರರ ಪರವಾಗಿ ಮಾಲೀಕತ್ವ ಹೊಂದುವ ಅಮೆರಿಕನ್ ಟ್ರಸ್ಟ್ ಮೂಲಕ ಕೊಳ್ಳಿ. ಹೊಸ ದೇಶದ ನೋಂದಣಿಯನ್ನು ಮೊದಲೇ ಪಡೆದು ಹೊರಡುವುದೂ ಉಂಟು. ಆಗ ಪೈಲಟ್‌ನ ಎಫ್‌ಎಎ (ಅಮೆರಿಕದ ವಾಯುಯಾನ ಆಡಳಿತ) ಲೈಸೆನ್ಸ್ ತಾನಾಗಿ ಸಲ್ಲುವುದಿಲ್ಲ, ಆ ದೇಶ ಅದನ್ನು ಮಾನ್ಯ ಮಾಡಿರಬೇಕು.

ರಫ್ತು ವಾಯುಯೋಗ್ಯತಾ ಪತ್ರವನ್ನು ಅಮೆರಿಕದಲ್ಲಿರುವಾಗಲೇ ಪಡೆಯಬೇಕು. ಆಚೆ ಹೋದಮೇಲೆ ಅದನ್ನು ಮಾಡಿಸುವುದು ಬಲು ಕಷ್ಟ. ಫೆರಿ ಟ್ಯಾಂಕ್ ಅಳವಡಿಕೆಗೆ, ವಿಮಾನದ ದೊಡ್ಡ ಮಾರ್ಪಾಡನ್ನು ದಾಖಲಿಸುವ ಎಫ್‌ಎಎ ಫಾರ್ಮ್ 337 ಬೇಕು. ಗರಿಷ್ಠ ತೂಕ ಮೀರುವುದಾದರೆ ವಿಶೇಷ ಹಾರಾಟ ಅನುಮತಿಯೂ ಬೇಕು, ಮತ್ತು ಆ ಹೆಚ್ಚಿನ ತೂಕ ಇಂಧನ, ಅದರ ಟ್ಯಾಂಕು, ದಾರಿ ಹುಡುಕುವ ಉಪಕರಣ ಇಷ್ಟಕ್ಕೆ ಮಾತ್ರ ಸೀಮಿತ. ಸಾಮಾನು ಸರಂಜಾಮಿಗೆ ಅಲ್ಲ.

ಕೆನಡಾದಿಂದ ಸಾಗರಕ್ಕೆ ಹೊರಡುವ ಒಂಟಿ ಎಂಜಿನ್ ವಿಮಾನಕ್ಕೆ ಅಲ್ಲಿನ ವಾಯುಯಾನ ನಿಯಮ 602.39 ಅನ್ವಯಿಸುತ್ತದೆ. ಪೈಲಟ್‌ಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದರೂ ಉಪಕರಣ ನೋಡಿ ಹಾರಿಸುವ ಅರ್ಹತೆ) ಇರಬೇಕು. ಎರಡು ಅಂತಾರಾಷ್ಟ್ರೀಯ ತರಂಗಾಂತರಗಳಲ್ಲಾದರೂ ಮಾತಾಡಬಲ್ಲ, ಬಹುದೂರ ಮುಟ್ಟುವ ಎಚ್‌ಎಫ್ ರೇಡಿಯೊ, ಒಳಗಿರುವ ಪ್ರತಿಯೊಬ್ಬರಿಗೂ ಚಳಿನೀರಿನಿಂದ ರಕ್ಷಣೆ, ಮಾಮೂಲಿ ಇಂಧನದ ಮೇಲೆ ಶೇ 10ರಷ್ಟು ಹೆಚ್ಚುವರಿ ಇಂಧನ, ಇವೂ ಕಡ್ಡಾಯ.

ಇಂಧನದ ಲೆಕ್ಕ

ರೂಢಿಯ ಮೆಟ್ಟಿಲುಗಳು ಇವು: ಲ್ಯಾಬ್ರಡಾರ್‌ನ ಗೂಸ್ ಬೇಯಿಂದ ದಕ್ಷಿಣ ಗ್ರೀನ್‌ಲ್ಯಾಂಡ್‌ನ ನರ್ಸರ್ಸುವಾಕ್‌ಗೆ ಸುಮಾರು 675 ನಾಟಿಕಲ್ ಮೈಲಿ, ಅಲ್ಲಿಂದ ರೇಕ್ಯಾವಿಕ್‌ಗೆ 670, ಅಲ್ಲಿಂದ ಸ್ಕಾಟ್ಲೆಂಡಿನ ವಿಕ್‌ಗೆ 640.

ಉದಾಹರಣೆಗೆ ಒಂಟಿ ಎಂಜಿನ್ನಿನ ಬೊನಾಂಜಾ ಎ36 ವಿಮಾನ ತೆಗೆದುಕೊಳ್ಳಿ. ಮುಂದೆ ಮೈಲಿ ಎಂದರೆ ನಾಟಿಕಲ್ ಮೈಲಿ, ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ. ಬಳಸಬಹುದಾದ ಇಂಧನ 74 ಗ್ಯಾಲನ್, ಗಂಟೆಗೆ 15 ಗ್ಯಾಲನ್ ಖರ್ಚು, ವೇಗ 165 ನಾಟ್. ಪೂರ್ವಕ್ಕೆ ಹೋಗುವಾಗ ಗಾಳಿ ಹೆಚ್ಚಾಗಿ ಬೆನ್ನಿಗೇ ಬೀಸುತ್ತದೆ. ಆದರೂ ವಾಯುಭಾರ ಕುಸಿತ ದಾರಿಗೆ ಅಡ್ಡ ಬಂದರೆ ಅದೇ ಗಾಳಿ ಎದುರಾಗುತ್ತದೆ. 25 ನಾಟ್ ಎದುರುಗಾಳಿ ಎಂದಿಟ್ಟುಕೊಂಡರೆ ನೆಲದ ಮೇಲಿನ ವೇಗ 140. ನರ್ಸರ್ಸುವಾಕ್‌ಗೆ 4.8 ಗಂಟೆ, 72 ಗ್ಯಾಲನ್. ಅಲ್ಲಿ ಇಳಿಯಲಾಗದೆ 250 ಮೈಲಿ ದೂರದ ನೂಕ್‌ಗೆ ಹೋಗಲು 23. ಮುಕ್ಕಾಲು ಗಂಟೆ ಮೀಸಲು 11. ಒಟ್ಟು 106. ಅದರ ಮೇಲೆ ಶೇ 10 ಸೇರಿಸಿದರೆ 117. ರೆಕ್ಕೆಯಲ್ಲಿರುವುದು 74. ಒಳಗೆ 60 ಗ್ಯಾಲನ್ ಟ್ಯಾಂಕ್ ಇಟ್ಟರೆ 134 ಆಗುತ್ತದೆ.

ಇನ್ನು ಮರಳಲಾಗದ ಬಿಂದು, ಅಂದರೆ ದಾಟಿದ ಮೇಲೆ ಹೊರಟಲ್ಲಿಗೆ ಮರಳಲು ಇಂಧನ ಸಾಲದ ಜಾಗ. ಹೋಗುವ ವೇಗವನ್ನು ಬರುವ ವೇಗದಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ, ಮೀಸಲು ಕಳೆದು ಉಳಿದ ಗಂಟೆಗಳಿಂದ ಗುಣಿಸಿದರೆ ಅದು ಸಿಗುತ್ತದೆ. ಇಲ್ಲಿ ಹೋಗುವ ವೇಗ 140, ಅದೇ ಗಾಳಿ ಬೆನ್ನಿಗಾದಾಗ ಬರುವ ವೇಗ 190. ಬರೀ ರೆಕ್ಕೆಯ ಇಂಧನದಲ್ಲಿ ಮೀಸಲು ಬಿಟ್ಟು 4.2 ಗಂಟೆ ಹಾರಬಹುದು, ಬಿಂದು ಬರುವುದು 338 ಮೈಲಿಗೆ, ಅಂದರೆ ಸರಿಯಾಗಿ ನಡುನೀರಿನಲ್ಲಿ. ಫೆರಿ ಟ್ಯಾಂಕ್ ಸೇರಿದರೆ 8.2 ಗಂಟೆ, ಬಿಂದು 661 ಮೈಲಿ. ನರ್ಸರ್ಸುವಾಕ್‌ನ ಹೊಸ್ತಿಲವರೆಗೆ ಹೋಗಿ, ಫ್ಯೋರ್ಡ್ (ಬೆಟ್ಟಗಳ ನಡುವೆ ಒಳಚಾಚಿದ ಕಿರಿದಾದ ಸಮುದ್ರದ ಕವಲು) ಮಂಜಿನಿಂದ ತುಂಬಿದ್ದರೆ ಗೂಸ್ ಬೇಗೆ ತಿರುಗಿ ಬರಬಹುದು. 60 ಗ್ಯಾಲನ್ನಿನ ನಿಜವಾದ ಬೆಲೆ ಇದು. ಎಂಜಿನ್ ತೊಂದರೆ ಕೊಟ್ಟರೆ ಮುಂದೆಯೋ ಹಿಂದೆಯೋ ಎಂದು ತೀರ್ಮಾನಿಸಲು ಸಮಸಮಯ ಬಿಂದುವೂ (ಮುಂದಕ್ಕೂ ಹಿಂದಕ್ಕೂ ಒಂದೇ ಸಮಯ ಹಿಡಿಯುವ ಜಾಗ) ಬೇಕು. ಈ ಗಾಳಿಗೆ ಅದು 389 ಮೈಲಿ. ಎರಡನ್ನೂ ಹೊರಡುವ ಮೊದಲೇ ಗಡಿಯಾರದ ಸಮಯವಾಗಿ ಬದಲಿಸಿ ಮೊಣಕಾಲ ಹಲಗೆಯ ಮೇಲೆ ದೊಡ್ಡದಾಗಿ ಬರೆದಿಡಿ. ಗಾಳಿ ಬದಲಾದರೆ ಹಾದಿಯಲ್ಲೇ ತಿದ್ದಿ.

ಟ್ಯಾಂಕ್ ಕೂರಿಸುವುದು, ಬಳಸುವುದು

60 ಗ್ಯಾಲನ್ ಅವ್‌ಗ್ಯಾಸ್ (ಸಣ್ಣ ವಿಮಾನಗಳ ಪೆಟ್ರೋಲ್) ಎಂದರೆ 360 ಪೌಂಡ್, 163 ಕಿಲೊ. ಹಿಂದಿನ ಸೀಟು ತೆಗೆದು, ಸೀಟು ಹಿಡಿದಿದ್ದ ಹಳಿಗಳಿಗೇ ಅದನ್ನು ಬಿಗಿಯಬೇಕು. ಬರೀ ಪಟ್ಟಿಯಲ್ಲಿ ಕಟ್ಟಿದರೆ ಸಾಲದು. ಬೊನಾಂಜಾದ ರೆಕ್ಕೆಯ ಇಂಧನ ಗುರುತ್ವಕೇಂದ್ರಕ್ಕಿಂತ ಮುಂದಿರುತ್ತದೆ, ಅದು ಖರ್ಚಾದಂತೆ ಭಾರ ಹಿಂದಕ್ಕೆ ಸರಿಯುತ್ತದೆ. ಹಿಂದೆ ತುಂಬಿದ ಟ್ಯಾಂಕ್ ಹಾಗೇ ಉಳಿದು ಮುಂದಿನದು ಖಾಲಿಯಾದರೆ ಮಿತಿ ದಾಟಿಹೋಗುತ್ತದೆ. ಆದ್ದರಿಂದ ಹೊರಡುವಾಗಿನ ತೂಕವೊಂದನ್ನೇ ನೋಡದೆ ಪ್ರತಿ ಗಂಟೆಯ ಲೆಕ್ಕ ಹಾಕಿ.

ಹಾಗೆಂದು ಏರಿದ ಕೂಡಲೇ ಫೆರಿ ಟ್ಯಾಂಕಿಗೆ ಹೋಗುವುದೂ ತಪ್ಪು. ಬೊನಾಂಜಾದಲ್ಲಿರುವಂಥ, ಇಂಧನವನ್ನು ಚಿಮ್ಮಿಸುವ (ಇಂಜೆಕ್ಷನ್) ಕಾಂಟಿನೆಂಟಲ್ ಎಂಜಿನ್ ಬೇಕಾದ್ದಕ್ಕಿಂತ ಹೆಚ್ಚು ಇಂಧನ ಎಳೆದು, ಮಿಕ್ಕಿದ್ದನ್ನು ರೆಕ್ಕೆಯ ಟ್ಯಾಂಕಿಗೆ ಮರಳಿಸುತ್ತದೆ. ಆ ಟ್ಯಾಂಕ್ ತುಂಬಿದ್ದರೆ ಮರಳಿದ ಇಂಧನ ವೆಂಟ್ (ಟ್ಯಾಂಕಿಗೆ ಗಾಳಿಯಾಡುವ ಕೊಳವೆ) ಮೂಲಕ ಸಮುದ್ರಕ್ಕೆ ಸುರಿದುಹೋಗುತ್ತದೆ. ಮರಳುವ ಕೊಳವೆ ಯಾವ ಟ್ಯಾಂಕಿಗೆ ಹೋಗುತ್ತದೆ ಎಂದು ಮೆಕ್ಯಾನಿಕ್ ಮೊದಲೇ ನಕ್ಷೆಯಲ್ಲಿ ಗುರುತಿಸಬೇಕು. ಆ ಟ್ಯಾಂಕಿನಿಂದ ಸುಮಾರು ಒಂದು ಗಂಟೆ ಉರಿಸಿ, ಜಾಗ ಮಾಡಿಕೊಂಡ ಮೇಲೆ ಫೆರಿ ವಾಲ್ವ್ ತೆರೆಯಿರಿ.

ಮುಗಿಸುವಾಗ ಇನ್ನೂ ಹೆಚ್ಚು ಎಚ್ಚರ ಬೇಕು. ಖಾಲಿ ಫೆರಿ ಟ್ಯಾಂಕಿನ ವಾಲ್ವ್ ತೆರೆದೇ ಇದ್ದರೆ, ರೆಕ್ಕೆಯಲ್ಲಿ ಇಂಧನ ತುಂಬಿದ್ದರೂ ಪಂಪು ಗಾಳಿಯನ್ನೇ ಎಳೆಯುತ್ತದೆ. ಲೆಕ್ಕದ ಸಮಯಕ್ಕೆ ಕೆಲವು ನಿಮಿಷ ಮೊದಲೇ ರೆಕ್ಕೆಯ ಟ್ಯಾಂಕಿಗೆ ಬದಲಿಸಿ, ಫೆರಿ ವಾಲ್ವ್ ಮುಚ್ಚಿ.

ಫೆರಿ ಟ್ಯಾಂಕಿನ ವೆಂಟ್ ಕೊಳವೆ ವಿಮಾನದ ಹೊರಗೆ ಬಂದು, ಬಾಯಿ ಗಾಳಿಗೆ ಎದುರಾಗಿರಬೇಕು. ಎದುರು ಬರುವ ಗಾಳಿಯ ಒತ್ತಡ ಟ್ಯಾಂಕಿನೊಳಗೆ ಇಳಿದು ಇಂಧನವನ್ನು ತಳ್ಳಿಕೊಡುತ್ತದೆ. ಬಾಯಿ ಹಿಂದಕ್ಕೆ ತಿರುಗಿದರೆ ಹೀರುವಿಕೆ ಶುರುವಾಗಿ ಹರಿವು ನಿಲ್ಲುತ್ತದೆ. ಬಾಗಿಲ ಸಂದಿಯಲ್ಲಿ ಕೊಳವೆ ಚಪ್ಪಟೆಯಾದರೆ ಅಲ್ಯೂಮಿನಿಯಂ ಟ್ಯಾಂಕ್ ಒಳಕ್ಕೆ ಕುಗ್ಗಿಹೋಗುತ್ತದೆ. ಬಾಗಿಲು ಹಾಕಿದ ಮೇಲೆ ಹೊರಗಿನಿಂದ ಬಾಯಲ್ಲಿ ಊದಿ ನೋಡಿ, ಉಸಿರು ಸಲೀಸಾಗಿ ಹೋಗಬೇಕು. ನಂತರ ಸಮುದ್ರದ ಮೇಲಲ್ಲ, ನೆಲದ ಮೇಲಿನ ಆಕಾಶದಲ್ಲೇ, ವಿಮಾನ ನಿಲ್ದಾಣದ ಸುತ್ತಲೇ, ಪೂರ್ತಿ ಒಂದು ಗಂಟೆ ಫೆರಿ ಟ್ಯಾಂಕಿನಿಂದ ಹಾರಿ. ಈ ಪರೀಕ್ಷೆಯನ್ನು ಯಾವ ಅವಸರಕ್ಕೂ ಬಿಡಬೇಡಿ.

ತೂಕ ಶೇ 10 ಹೆಚ್ಚಾದರೆ ಟೇಕಾಫ್ ದೂರ ಸುಮಾರು ಶೇ 20, ಸ್ಟಾಲ್ ವೇಗ (ಇದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಹೊರಲಾರದು) ಸುಮಾರು ಶೇ 5 ಹೆಚ್ಚುತ್ತದೆ.

ಎಂಜಿನ್

ವಾರ್ಷಿಕ ತಪಾಸಣೆ ಮುಗಿದ ಮರುದಿನವೇ ಸಾಗರಕ್ಕೆ ಹೊರಡಬೇಡಿ. ಬಿಚ್ಚಿ ಜೋಡಿಸಿದ್ದರಲ್ಲಿ ತಪ್ಪಿದ್ದರೆ ಮೊದಲ ಕೆಲವು ಗಂಟೆಗಳಲ್ಲೇ ಹೊರಬೀಳುತ್ತದೆ. ಹತ್ತು ಗಂಟೆಯಾದರೂ ನೆಲದ ಮೇಲೆ ಹಾರಿಸಿ, ಹೊಸ ಎಂಜಿನ್ ಆದರೆ ಇಪ್ಪತ್ತೈದು. ಎಣ್ಣೆ ಗಂಟೆಗೆಷ್ಟು ಇಳಿಯುತ್ತದೆ ಎಂಬುದೂ ಆಗಲೇ ತಿಳಿಯುತ್ತದೆ.

ಚಳಿಯಲ್ಲಿ ಕಣ್ಣಿಗೆ ಬೀಳದೆ ಕೆಡಿಸುವುದು ಎಂಜಿನ್ನಿನ ಒಳಗಾಳಿಯನ್ನು ಹೊರಬಿಡುವ ಕ್ರ್ಯಾಂಕ್‌ಕೇಸ್ ಬ್ರೀದರ್ ಕೊಳವೆ. ಎಂಜಿನ್ನಿನ ತೇವ ಅದರ ತುದಿಯಲ್ಲಿ ಹೆಪ್ಪುಗಟ್ಟಿ ಬಾಯಿ ಮುಚ್ಚುತ್ತದೆ. ಒಳಗೆ ಒತ್ತಡ ಏರಿ ಪ್ರೊಪೆಲರ್ ಬಳಿಯ ಸೀಲು ಕಿತ್ತುಬಂದರೆ ಎಣ್ಣೆಯೆಲ್ಲ ಹೊರಕ್ಕೆ ಹೋಗುತ್ತದೆ. ತುದಿ ಮುಚ್ಚಿದರೂ ಗಾಳಿ ಹೊರಹೋಗುವಂತೆ, ಕೌಲಿಂಗ್‌ನ (ಎಂಜಿನ್ನಿನ ಹೊದಿಕೆಯ) ಬೆಚ್ಚನೆಯ ಜಾಗದಲ್ಲಿ ಕೊಳವೆಗೆ ಸಣ್ಣ ಸೀಳು ಇದೆಯೇ, ಕಸದಿಂದ ಮುಚ್ಚಿಲ್ಲವೇ ಎಂದು ಬೆರಳಿಟ್ಟು ನೋಡಿ.

ನೀರಿಗೆ ಬಿದ್ದರೆ

ಚಳಿನೀರಿನಿಂದ ಮೈ ಕಾಯುವ ಇಮ್ಮರ್ಷನ್ ಸೂಟನ್ನು ಸೊಂಟದವರೆಗೆ ಹಾಕಿಕೊಂಡೇ ಹೊರಡಿ. ಎಂಜಿನ್ ನಿಂತ ಮೇಲೆ ಆ ಇಕ್ಕಟ್ಟಿನಲ್ಲಿ ಇಡೀ ಸೂಟು ಏರಿಸಿಕೊಳ್ಳಲಾಗದು. ಹಿಮದಂಥ ನೀರಿನಲ್ಲಿ ಉಸಿರು ಹಿಡಿತಕ್ಕೆ ಬರಲು ಒಂದು ನಿಮಿಷ, ಕೈಬೆರಳು ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ಉಳಿಯುವುದು ಸುಮಾರು ಒಂದು ಗಂಟೆ. ಮೇಲ್ಛಾವಣಿ ಇರುವ ಲೈಫ್ ರಾಫ್ಟ್ ಕೈಗೆಟುಕುವಂತೆ ಇರಲಿ. ಫೆರಿ ಟ್ಯಾಂಕಿನ ಹಿಂದೆ ಇಟ್ಟರೆ ಅದು ಇದ್ದೂ ಇಲ್ಲದಂತೆ. ಉಪಗ್ರಹಕ್ಕೆ ಅಪಾಯದ ಸಂಕೇತ ಕಳಿಸುವ 406 ಮೆಗಾಹರ್ಟ್ಸ್ ಬೀಕನ್ ಮೈಮೇಲೆಯೇ ಇರಬೇಕು. ಇಳಿಯುವಾಗ ಚಕ್ರ ಮೇಲೆ, ಬಾಗಿಲು ಮೊದಲೇ ಸ್ವಲ್ಪ ತೆರೆದು, ದೊಡ್ಡ ಅಲೆಗಳ ಸಾಲಿಗೆ ಸಮಾನಾಂತರವಾಗಿ. ಲೈಫ್ ಜಾಕೆಟ್ ಉಬ್ಬಿಸುವುದು ಹೊರಗೆ ಬಂದ ಮೇಲೆ ಮಾತ್ರ.

ದಾರಿಯಲ್ಲಿ

ಸಾಗರದ ವಾಯುವಲಯದಲ್ಲಿ ಎಫ್‌ಎಲ್ 060 (ಸುಮಾರು 6,000 ಅಡಿ) ಮತ್ತು ಅದರ ಮೇಲೆ ಇನ್‌ಸ್ಟ್ರುಮೆಂಟ್ ನಿಯಮದಂತೆಯೇ ಹಾರಬೇಕು. ಎಚ್‌ಎಫ್‌ನಲ್ಲಿ ಗ್ಯಾಂಡರ್ (ಕೆನಡಾದ ಸಾಗರ ವಾಯುಸಂಚಾರ ಕೇಂದ್ರ) ಕೇಳಿಸದಿದ್ದರೆ ವಿಮಾನಗಳು ತಮ್ಮಲ್ಲೇ ಮಾತಾಡಿಕೊಳ್ಳುವ 123.45ರಲ್ಲಿ ಮೇಲೆ ಹೋಗುವ ದೊಡ್ಡ ವಿಮಾನವನ್ನು ಕರೆದು ನಿಮ್ಮ ಸ್ಥಾನ ಹೇಳಿ, ಅವರು ಮುಟ್ಟಿಸುತ್ತಾರೆ. ಇನ್ನೊಂದು ರೇಡಿಯೊ ತುರ್ತು ತರಂಗಾಂತರ 121.5ರಲ್ಲಿ ಇರಲಿ. ಕಾಂತೀಯ ವ್ಯತ್ಯಾಸ (ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಅಂತರ) ದಕ್ಷಿಣ ಗ್ರೀನ್‌ಲ್ಯಾಂಡ್ ಬಳಿ 20 ಡಿಗ್ರಿ ಪಶ್ಚಿಮಕ್ಕೂ ಹೆಚ್ಚು. ಟ್ಯಾಂಕ್ ಕೂರಿಸಿದ ಮೇಲೆ ದಿಕ್ಸೂಚಿಯನ್ನು ಮತ್ತೆ ಸರಿಹೊಂದಿಸಿ.

ನರ್ಸರ್ಸುವಾಕ್ ಫ್ಯೋರ್ಡಿನ ಒಳತುದಿಯಲ್ಲಿದೆ. ಸಾಮಾನ್ಯವಾಗಿ ರನ್‌ವೇ 06ರಲ್ಲಿ ಏರುಮುಖವಾಗಿ ಇಳಿದು, 24ರಲ್ಲಿ ನೀರಿನ ಕಡೆಗೆ ಹೊರಡುತ್ತಾರೆ. ಮೋಡ ಕೆಳಗಿದ್ದಾಗ ಫ್ಯೋರ್ಡಿನೊಳಗೆ ನುಗ್ಗಿ ದಾರಿ ಹುಡುಕುವ ಸಾಹಸ ಬೇಡ, ತಪ್ಪು ಕವಲು ಹಿಡಿದರೆ ತಿರುಗಲು ಜಾಗವಿರುವುದಿಲ್ಲ. ಕಕೊರ್ಟೊಕ್‌ನ ಹೊಸ ನಿಲ್ದಾಣದ ಕಾರಣ ಈ ಭಾಗದ ವ್ಯವಸ್ಥೆ ಬದಲಾಗುವುದರಿಂದ ತೆರೆದಿರುವ ವೇಳೆ ಮತ್ತು ಅವ್‌ಗ್ಯಾಸ್ ಎರಡನ್ನೂ ಬರಹದಲ್ಲಿ ಖಚಿತಪಡಿಸಿಕೊಂಡೇ ಹೊರಡಿ. ನೂಕ್‌ನಲ್ಲಿ 2024ರ ನವೆಂಬರಿನಿಂದ 2,200 ಮೀಟರ್ ರನ್‌ವೇ ಇದೆ, ಪರ್ಯಾಯ ನಿಲ್ದಾಣವಾಗಿ ಅದರ ಬೆಲೆ ಹೆಚ್ಚಿದೆ. ಗ್ರೀನ್‌ಲ್ಯಾಂಡ್‌ನ ಹಿಮಹಾಸಿನ ನೆತ್ತಿ 10,000 ಅಡಿ ಮೀರುತ್ತದೆ. ಟರ್ಬೊ (ಎತ್ತರದಲ್ಲೂ ಎಂಜಿನ್ನಿನ ಶಕ್ತಿ ಕಾಯುವ ಸಾಧನ), ಆಮ್ಲಜನಕ ಎರಡೂ ಇಲ್ಲದ ವಿಮಾನ ದಕ್ಷಿಣದ ತುದಿಯನ್ನು ಬಳಸಿ ಹೋಗುವುದು ಒಳಿತು.

ಒಪ್ಪಿಸುವಾಗ

ಮೊದಲು ಇಳಿಯುವ ದೇಶದ ಕಸ್ಟಮ್ಸ್‌ಗೆ ವಿಮಾನ ಆಮದೋ, ಹಾದುಹೋಗುವುದೋ ಎಂದು ಮುಂಚೆಯೇ ತಿಳಿಸಿರಬೇಕು. ವಿಕ್‌ನಲ್ಲಿ ಇಳಿದು ಜರ್ಮನಿಗೆ ಹೋಗುವ ವಿಮಾನಕ್ಕೆ ಬ್ರಿಟನ್ನಿನ ತೆರಿಗೆ ಕಾಗದ ಬೇರೆ, ಯುರೋಪಿಯನ್ ಒಕ್ಕೂಟದ್ದು ಬೇರೆ. ಟ್ಯಾಂಕ್ ಕಳಚಿದ ಮೇಲೆ ಇಂಧನ ಸಾಲಿನಲ್ಲಿ ಉಳಿದ ಟಿ-ಜೋಡಣೆಯನ್ನು ತೆಗೆದು ಮೂಲ ಕೊಳವೆ ಹಾಕಿಸಿ, ಬೂಸ್ಟ್ ಪಂಪ್ ಓಡಿಸಿ ಸೋರಿಕೆ ನೋಡಿ. ಸೀಟು ಮರಳಿ ಕೂರಿಸಿ, ತೂಕ ಮತ್ತು ಸಮತೋಲನದ ಹಾಳೆಯನ್ನು ಮೂಲಕ್ಕೆ ತಂದು, ಲಾಗ್‌ಬುಕ್ಕಿನಲ್ಲಿ ಸಹಿ ಬಿದ್ದ ಮೇಲೆ ಎಸ್ಕ್ರೋ ಹಣ ಬಿಡುಗಡೆ ಮಾಡಿಸಿ. ಎನ್ ನೋಂದಣಿ ರದ್ದತಿಯ ಅರ್ಜಿ ಓಕ್ಲಹೋಮ ಸಿಟಿಯಲ್ಲಿರುವ ಎಫ್‌ಎಎ ನೋಂದಣಿ ಕಚೇರಿಗೆ ಹೋಗಬೇಕಾದ್ದು ಆಮೇಲೆ.