ಎರಿ ಮಣ್ಣಿನ ಹಿತ್ತಲಲ್ಲಿ ಮನೆಯ ಮುಳಗಾಯಿ ಬೀಜ ಉಳಿಸುವುದು

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ನೈವೇದ್ಯ ಎರಚಲು, ಹೊಲಕ್ಕೆ ಹೊರಡುವ ಬುಟ್ಟಿಯಲ್ಲಿ ಸಜ್ಜಿ ರೊಟ್ಟಿಯ ಜೊತೆ ಎಣ್ಣಿಗಾಯಿ, ಅಂದರೆ ಮುಳಗಾಯಿಯ (ಬದನೆಕಾಯಿಯ) ಪಲ್ಯ ಇರಲೇಬೇಕು. ಆ ಕಾಯಿ ಹಿತ್ತಲದ್ದೇ ಆಗಬೇಕೆಂದರೆ ಹುಬ್ಬಾ ಮಳೆ ಹೊತ್ತಿಗೆ, ಅಂದರೆ ಆಗಸ್ಟ್ ಕೊನೆಗೆ ಬೀಜ ಹಾಕಬೇಕು. ಹಸ್ತಾ ಮಳೆಗೆ, ಸೆಪ್ಟೆಂಬರ್ ಕೊನೆಗೆ, ಅಗಿ (ಸಸಿ) ಹಚ್ಚಿದರೆ ಡಿಸೆಂಬರ್ ಮೊದಲ ವಾರಕ್ಕೆ ಕಾಯಿ ಬರುತ್ತವೆ. ಅಕ್ಟೋಬರ್ ನಡುವಿನ ಚಿತ್ತಾ ಮಳೆ ದಾಟಿಸಿದರೆ ಥಂಡಿಗೆ ಗಿಡದ ಬೆಳವಣಿಗೆ ನಿಧಾನವಾಗಿ ಹಬ್ಬ ತಪ್ಪುತ್ತದೆ.

ನಮ್ಮ ತಳಿ ಅವ್ವನ ತವರಿನಿಂದ ಬಂದದ್ದು: ಹಸಿರು ಮೈ, ಬಿಳಿ ಗೀರು, ತೊಟ್ಟಿನಲ್ಲಿ ಮುಳ್ಳು. ಅಂಗಡಿಯ ಹೈಬ್ರಿಡ್ ಹೆಚ್ಚು ಕಾಯಿ ಕೊಡುತ್ತದೆ, ನಿಜ. ಆದರೆ ಅದರ ಬೀಜ ತೆಗೆದಿಟ್ಟರೆ ಮರುವರ್ಷ ಒಂದೊಂದು ಗಿಡ ಒಂದೊಂದು ಬಗೆ. ಎಣ್ಣಿಗಾಯಿಗೆ ಬೇಕಾದ ತೆಳು ಸಿಪ್ಪೆಯೂ ಅದರಲ್ಲಿ ಅಪರೂಪ.

ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣಿದ್ದವರಿಗೆ ಮಡಿ ಮಾಡುವುದು ಸುಲಭ. ಹುಬ್ಬಳ್ಳಿಯ ಪೂರ್ವಕ್ಕೆ, ನವಲಗುಂದ, ಗದಗ ಕಡೆ ಎರಿ (ಕಪ್ಪು) ಮಣ್ಣು. ಮಳೆಗೆ ಉಬ್ಬುತ್ತದೆ, ಒಣಗಿದರೆ ಬಿರಿದು ಎಳೆ ಬೇರನ್ನೇ ಹರಿಯುತ್ತದೆ. ಮಣ್ಣು ಸಡಿಲಾಗಲೆಂದು ಒಂದೆರಡು ಪುಟ್ಟಿ ಉಸುಕು ಸುರಿಯುವವರಿದ್ದಾರೆ. ಅಷ್ಟು ಉಸುಕಿನಿಂದ ಮಣ್ಣು ಇನ್ನಷ್ಟು ಗಟ್ಟಿಯಾಗುತ್ತದೆ, ಬೇಡ. ಅದಕ್ಕೆ ಬೇಕಿರುವುದು ಗೊಬ್ಬರ, ಅದೂ ಪ್ರತಿ ವರ್ಷ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡಿ ಕೆಳಗೆ ಬಿಡಿ. ಉಂಡೆ ಒಡೆದರೆ ಹದ ಬಂದಿದೆ, ಅಗೆಯಬಹುದು. ಅಂಗೈಗೆ ಮೆತ್ತಿಕೊಂಡರೆ ಎರಡು ದಿನ ತಡೆಯಬೇಕು. ಹಸಿ ಇದ್ದಾಗ ಅಗೆದರೆ ಏಳುವ ಹೆಂಟೆಗಳು ಆ ವರ್ಷವಿಡೀ ಒಡೆಯುವುದಿಲ್ಲ.

10 ಅಡಿ ಉದ್ದ, 5 ಅಡಿ ಅಗಲದ ಮಡಿಯಲ್ಲಿ ಎರಡು ಸಾಲು, ಹತ್ತು ಗಿಡ. ಐದು ಜನರ ಮನೆಗೆ ಅಷ್ಟು ಸಾಕು. ಸಾಲಿನ ನಡುವೆ ಎರಡೂವರೆ ಅಡಿ, ಗಿಡದ ನಡುವೆ ಎರಡು ಅಡಿ. ಮಡಿ ಒಂದು ಗೇಣು ಎತ್ತರ ಇರಬೇಕು, ಸುತ್ತ ಕಾಲುವೆ ತೆಗೆದು ಹಿತ್ತಲ ಇಳಿಜಾರಿಗೆ ಬಿಡಬೇಕು. ನೀರು ಒಂದು ದಿನ ನಿಂತರೂ ಬೇರಿಗೆ ಉಸಿರು ಸಿಗದೆ ಎಲೆ ಹಳದಿಯಾಗುತ್ತದೆ. ಪ್ರತಿ ಕುಣಿಗೆ ಎರಡು ಕಿಲೋ ಕಳಿತ ತಿಪ್ಪಿಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ.

ಬೀಜವನ್ನು ಅಗಲವಾದ ಟಬ್ಬಿನಲ್ಲಿ ಹಾಕುತ್ತೇನೆ. ಕೆಂಪು ಮಣ್ಣು ಅರ್ಧ, ಗೊಬ್ಬರ ಅರ್ಧ, ತಳದಲ್ಲಿ ತೂತು. ಬೆರಳಿನಿಂದ ಗೀರು ಎಳೆದು ಬೀಜ ಬಿಡಿಬಿಡಿಯಾಗಿ ಉದುರಿಸಿ ತೆಳುವಾಗಿ ಮುಚ್ಚಿದರೆ ವಾರದಿಂದ ಹತ್ತು ದಿನದಲ್ಲಿ ಮೊಳಕೆ. ಒತ್ತಾಗಿ ಹಾಕಿ ಸಂಜೆ ನೀರು ಚಿಮುಕಿಸಿದರೆ ಬುಡ ಕೊಳೆತು ಅಗಿ ಸಾಲಾಗಿ ಮಲಗುತ್ತವೆ. ನೀರು ಬೆಳಿಗ್ಗೆ ಮಾತ್ರ. ಟಬ್ಬಿನ ಮೇಲೆ ಸೊಳ್ಳೆ ಪರದೆಯ ತುಂಡು ಹೊದಿಸಬೇಕು. ಜಿಗಿಹುಳ ತರುವ ಸಣ್ಣ ಎಲೆ ರೋಗ ಎಳೆ ಅಗಿಗೇ ತಗಲಿದರೆ ಆ ಗಿಡ ಬರೀ ಚಿಕ್ಕ ಎಲೆಗಳ ಗೊಂಚಲಾಗಿ ನಿಲ್ಲುತ್ತದೆ, ಕಾಯಿ ಕಟ್ಟುವುದಿಲ್ಲ. ದೊಡ್ಡ ಗಿಡದಲ್ಲಿ ಕಂಡರೂ ಕಿತ್ತು ಸುಡುವುದೇ ಉಪಾಯ, ಔಷಧ ಇಲ್ಲ.

30–35 ದಿನದ ಅಗಿಯನ್ನು ಇಳಿ ಹೊತ್ತಿನಲ್ಲಿ ಹಚ್ಚಿ, ಬುಡಕ್ಕೆ ಶೇಂಗಾ ಹೊಟ್ಟು ಅಥವಾ ಕತ್ತರಿಸಿದ ಜೋಳದ ಕಣಿಕೆಯನ್ನು ಮೂರು ಇಂಚು ಹೊದಿಸಬೇಕು. ಎರಿ ಮಣ್ಣು ಬಿರಿಯದಂತೆ ತಡೆಯುವುದು ಈ ಹೊದಿಕೆಯೇ. ನಳದ ನೀರು ದಿನಾ ಬರದ ಓಣಿಗಳಲ್ಲಿ ಇದರಿಂದ ಇನ್ನೊಂದು ಲಾಭ: ಐದಾರು ದಿನಕ್ಕೊಮ್ಮೆ ಬುಡಕ್ಕೆ ತಣಿಯುವಷ್ಟು ಹಾಕಿದರೆ ಸಾಕು. ದಿನಾ ಚೊಂಬು ಚೊಂಬು ಸುರಿದರೆ ಬೇರು ಮೇಲೇ ಉಳಿಯುತ್ತದೆ.

ಹೂ ಉದುರುವುದಕ್ಕೆ ಹೆದರಬೇಕಿಲ್ಲ. ಮುಳಗಾಯಿಯಲ್ಲಿ ಕೆಲವು ಹೂವುಗಳ ನಡುವಿನ ಕಡ್ಡಿ ಗಿಡ್ಡವಾಗಿದ್ದು ಹಳದಿ ಕೇಸರಗಳ ಒಳಗೇ ಅಡಗಿರುತ್ತದೆ. ಅವು ಉದುರಲೆಂದೇ ಬಂದವು. ಕಡ್ಡಿ ಹೊರಗೆ ಚಾಚಿದ ಹೂವು ಕಾಯಿ ಕಟ್ಟುತ್ತದೆ. ನಿಜವಾಗಿ ಹೆದರಬೇಕಾದದ್ದು ಕಾಯಿಕೊರಕ ಹುಳಕ್ಕೆ. ಕಾಯಿಗಿಂತ ಮೊದಲು ಅದು ಚಿಗುರನ್ನು ಹೊಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಎಲ್ಲ ಚಿಗುರೂ ಸ್ವಲ್ಪ ಬಾಗಬಹುದು, ಬೆಳಿಗ್ಗೆಯೂ ಜೋತಾಡುವ ಚಿಗುರಿನೊಳಗೆ ಹುಳ ಇರುತ್ತದೆ. ತೂತಿನ ಕೆಳಗೆ ಎರಡು ಬೆರಳು ಬಿಟ್ಟು ಕತ್ತರಿಸಿ ಸುಡಬೇಕು. ಗೊಬ್ಬರದ ಗುಂಡಿಗೆ ಹಾಕಿದರೆ ಅಲ್ಲೇ ಕೋಶ ಕಟ್ಟಿ ಪತಂಗವಾಗಿ ಮರಳುತ್ತದೆ. ಜೊತೆಗೆ 50 ಗ್ರಾಂ ಬೇವಿನ ಬೀಜದ ತಿರುಳು ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಚೂರು ಸೋಪು ಕರಗಿಸಿ ಹತ್ತು ದಿನಕ್ಕೊಮ್ಮೆ ಸಂಜೆ ಸಿಂಪಡಿಸಬೇಕು.

ಇನ್ನು ಬೀಜ. ಎಲ್ಲ ತಿಂದು ಉಳಿದ ಕೊನೆಯ ಕಾಯಿಯನ್ನು ಬೀಜಕ್ಕೆ ಬಿಡುವುದು ಬಹಳ ಮನೆಗಳ ರೂಢಿ, ತಳಿ ಕೆಡುವುದೂ ಅಲ್ಲೇ. ಮೊದಲು ಗಿಡ ಆರಿಸಬೇಕು: ರೋಗವಿಲ್ಲದ, ಗೀರು ಸ್ಪಷ್ಟ ಇರುವ ಮೂರು ನಾಲ್ಕು ಗಿಡ. ಒಂದೇ ಗಿಡದ ಬೀಜ ಬೇಡ. ಮುಳಗಾಯಿ ತನ್ನ ಹೂವಿನಲ್ಲೇ ಕಾಯಿ ಕಟ್ಟಬಲ್ಲದು, ಆದರೆ ಪಕ್ಕದ ಹಿತ್ತಲಲ್ಲಿ ನೇರಳೆ ಕಾಯಿ ಇದ್ದರೆ ಜೇನು ಅದರ ಪರಾಗ ತಂದೇ ತರುತ್ತದೆ. ಹಾಗಾಗಿ ನಾಳೆ ಅರಳುವ ಮೊಗ್ಗಿಗೆ ಇಂದೇ ತೆಳು ಮಲ್ಲಿನ ಚೀಲ ಕಟ್ಟಿ, ಅರಳಿದ ಮೇಲೆ ಬೆಳಿಗ್ಗೆ ಟೊಂಗೆಯನ್ನು ಬೆರಳಿನಿಂದ ತಟ್ಟುತ್ತೇನೆ, ಕೇಸರದ ತುದಿಯ ರಂಧ್ರದಿಂದ ಪರಾಗ ಉದುರುತ್ತದೆ. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ ಕೆಂಪು ಅರಿವೆಯ ಚಿಂದಿ ಕಟ್ಟುವುದು ಅಜ್ಜಿಯ ಕಾಲದ ರೂಢಿ. ಪಲ್ಯಕ್ಕೆ ಕೊಯ್ಯಲು ಹೋದವರು ಅದನ್ನು ಮುಟ್ಟುವುದಿಲ್ಲ.

ಕಾಯಿ ಪೂರ್ತಿ ಹಳದಿಯಾಗುವವರೆಗೆ ಗಿಡದಲ್ಲೇ ಬಿಟ್ಟು, ಕೊಯ್ದ ಮೇಲೆ ವಾರ ನೆರಳಿನಲ್ಲಿಟ್ಟು, ಸೀಳಿ ನೀರಿನಲ್ಲಿ ಹಿಸುಕಬೇಕು. ಗಟ್ಟಿ ಬೀಜ ಮುಳುಗುತ್ತದೆ, ತೇಲಿದ್ದನ್ನು ಚೆಲ್ಲಿ. ಅರಿವೆಯ ಮೇಲೆ ತೆಳುವಾಗಿ ಹರವಿ ನೆರಳಿನಲ್ಲಿ ಒಣಗಿಸಬೇಕು. ಕಾದ ತಗಡಿನ ಮೇಲೆ ಹಾಕಿದರೆ ಬೀಜದ ಜೀವ ಹೋಗುತ್ತದೆ. ಹಿಂದೆ ಬೂದಿ ಬೆರೆಸಿ ಗಂಟು ಕಟ್ಟಿ ಒಲೆಯ ಮೇಲೆ ತೂಗುಹಾಕುತ್ತಿದ್ದರು, ಹೊಗೆಗೆ ಹುಳ ಬರುತ್ತಿರಲಿಲ್ಲ. ಗ್ಯಾಸಿನ ಅಡಿಗೆಮನೆಯಲ್ಲಿ ಹೊಗೆ ಇಲ್ಲ, ಇರುವುದು ಕುಕ್ಕರಿನ ಹಬೆ. ಅಲ್ಲಿ ತೂಗಿದರೆ ಬೀಜ ಬೂಸು ಹಿಡಿಯುತ್ತದೆ. ಸೋಸಿದ, ಪೂರ್ತಿ ಆರಿದ ಕುಳ್ಳಿನ (ಬೆರಣಿಯ) ಬೂದಿ ಬೆರೆಸಿ ಗಾಜಿನ ಬಾಟಲಿಯಲ್ಲಿ ಹಾಕಿ, ವರ್ಷ ಬರೆದು, ದೇವರ ಮನೆಯ ಮಾಡಿನಂಥ (ಗೋಡೆಯ ಗೂಡಿನಂಥ) ತಣ್ಣನೆಯ ಕತ್ತಲ ಜಾಗದಲ್ಲಿಡಿ. ಮೂರು ವರ್ಷ ಬಾಳುತ್ತದೆ.

ಅರ್ಧ ಬೀಜ ತಂಗಿಯ ಮನೆಯಲ್ಲಿ ಇರುತ್ತದೆ, ಒಂದು ಕಡೆ ಹೋದರೆ ಇನ್ನೊಂದು ಕಡೆ ಉಳಿಯಲೆಂದು. ಆಗಸ್ಟ್ ಮೊದಲಿಗೆ ಆಶ್ಲೇಷ ಮಳೆ ಬಂದಾಗ 20 ಬೀಜ ಒದ್ದೆ ಅರಿವೆಯಲ್ಲಿ ಸುತ್ತಿ ಹತ್ತು ದಿನ ನೋಡುತ್ತೇವೆ. 12ಕ್ಕಿಂತ ಕಡಿಮೆ ಮೊಳೆತರೆ ಆ ವರ್ಷ ಟಬ್ಬಿಗೆ ದುಪ್ಪಟ್ಟು ಬೀಜ ಬೀಳುತ್ತದೆ, ಚಿಂದಿ ಕಟ್ಟುವ ಕಾಯಿಗಳೂ ದುಪ್ಪಟ್ಟಾಗುತ್ತವೆ.