ಹಳೇ ನಿಕಾನ್ ಎಫ್‌ಎಂ ತಗೊಂಡಿದ್ದು, ಲೆನ್ಸ್ ಹೊಂದಿಸಿಕೊಂಡಿದ್ದು

ಆರು ತಿಂಗಳು ಹುಡುಕಿ ಕೊನೆಗೆ ನಾನು ತಗೊಂಡಿದ್ದು ನಿಕಾನ್ ಎಫ್‌ಎಂ, 1977ರಲ್ಲಿ ಬಂದ ಫಿಲ್ಮ್ ಕ್ಯಾಮೆರಾ ಮಾಡೆಲ್ಲು. ಎಫ್‌ಎಂ2 ನೋಡು ಅಂತ ಸ್ನೇಹಿತರು ಹೇಳಿದ್ರು, ರೇಟು ಕೈಗೆ ಸಿಗೋ ಹಾಗಿರ್ಲಿಲ್ಲ. ಎಫ್‌ಎಂ ಪೂರ್ತಿ ಮೆಕ್ಯಾನಿಕಲ್, ಬ್ಯಾಟರಿ ಬೇಕಾಗೋದು ಬೆಳಕು ಅಳೆಯೋ ಲೈಟ್ ಮೀಟರಿಗೆ ಮಾತ್ರ, ಸೆಲ್ ಸತ್ತರೂ ಫಿಲ್ಮಿಗೆ ಬೆಳಕು ಬಿಡೋ ಶಟರಿನ ಎಲ್ಲಾ ಸ್ಪೀಡೂ ಓಡುತ್ತೆ, ನಲವತ್ತು ವರ್ಷ ದಾಟಿದ ಕ್ಯಾಮೆರಾಗೆ ಇದಕ್ಕಿಂತ ಇನ್ನೇನು ಬೇಕು.

ಮಾರೋರು ಬೆಂಗಳೂರಲ್ಲಿ ಜಯನಗರದ ಹಿರಿಯರೊಬ್ರು. ಮೈಸೂರಿಂದ ಹೋಗುವಾಗ ಎರಡು ಎಲ್‌ಆರ್44 ಸೆಲ್ಲು, ಒಂದು ಟಾರ್ಚು ಜೇಬಲ್ಲಿ ಇಟ್ಕೊಂಡಿದ್ದೆ. ಮೊದಲು ತಳದಲ್ಲಿರೋ ಬ್ಯಾಟರಿ ಮುಚ್ಚಳಾನ ನಾಣ್ಯ ಇಟ್ಟು ತಿರುಗಿಸಿ ತೆಗೆದೆ, ಹಸಿರು ಕಿಲುಬು ಇರ್ಲಿಲ್ಲ. ಸೆಲ್ ಹಾಕಿ, ಫಿಲ್ಮ್ ಮುಂದಕ್ಕೆ ಸರಿಸೋ ಅಡ್ವಾನ್ಸ್ ಲಿವರನ್ನ ಸ್ವಲ್ಪ ಹೊರಗೆ ಎಳೆದ ತಕ್ಷಣ ವ್ಯೂಫೈಂಡರ್ ಒಳಗೆ ಕೆಂಪು ದೀಪ ಹತ್ತಿಕೊಳ್ತು. ಫೋನಿನ ಮೀಟರ್ ಆ್ಯಪ್ ಜೊತೆ ಹೋಲಿಸಿ ನೋಡಿದ್ರೆ ಅರ್ಧ ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು ಇಲ್ಲಾ ಅರ್ಧ) ವ್ಯತ್ಯಾಸ ಅಷ್ಟೆ. ಆಮೇಲೆ ಹಿಂದಿನ ಬಾಗಿಲು ತೆಗೆದು ಬಿಳಿ ಗೋಡೆ ಕಡೆ ಹಿಡಿದು 1 ಸೆಕೆಂಡಿಂದ 1/1000 ಸೆಕೆಂಡಿನ ತನಕ ಒಂದೊಂದೇ ಸ್ಪೀಡಲ್ಲಿ ಒತ್ತಿದೆ. ಹಳೇ ಕ್ಯಾಮೆರಾ ಕೈ ಕೊಡೋದು ನಿಧಾನದ ಸ್ಪೀಡಲ್ಲೇ ಜಾಸ್ತಿ, ಒಳಗಿನ ಗ್ರೀಸ್ ಗಟ್ಟಿಯಾಗಿದ್ರೆ 1 ಸೆಕೆಂಡ್ ಅನ್ನೋದು ಎಳೆದೂ ಎಳೆದೂ ಎರಡಾಗುತ್ತೆ, ಇದರಲ್ಲಿ ಝರ್ ಅಂತ ಒಂದೇ ಸಮ ಸದ್ದು ಬಂದು ಟಕ್ ಅಂತ ಮುಚ್ಚಿಕೊಳ್ತು. ಬೆಳಕು ಒಳಗೆ ನುಗ್ಗದ ಹಾಗೆ ತಡೆಯೋ ಬಾಗಿಲ ಅಂಚಿನ ಫೋಮ್ ಮಾತ್ರ ಕರಗಿ ಟಾರಿನ ಹಾಗೆ ಉಗುರಿಗೆ ಅಂಟಿಕೊಳ್ತು. ಅದನ್ನ ತೋರಿಸಿದ್ಮೇಲೆ ಅವರೇ 1,000 ರೂಪಾಯಿ ಕಮ್ಮಿ ಮಾಡಿದ್ರು, 50 ಎಂಎಂ ಎಫ್1.8 ಎಐ (ಇದೇನು ಅಂತ ಮುಂದೆ ಹೇಳ್ತೀನಿ) ಲೆನ್ಸ್ ಸಮೇತ 15,000ಕ್ಕೆ ಮಾತಾಯ್ತು. ಲೆನ್ಸಿನ ಹಿಂದಿಂದ ಟಾರ್ಚ್ ಬಿಟ್ಟು ನೋಡೋದು ಮರೀಲಿಲ್ಲ, ಫಂಗಸ್ ಇದ್ರೆ ಜೇಡರ ಬಲೆ ಥರ ಎಳೆ ಎಳೆಯಾಗಿ ಕಾಣ್ಸುತ್ತೆ. ಇದು ಶುದ್ಧವಾಗಿತ್ತು.

ತಪ್ಪು ಮಾಡಿದ್ದು ಎರಡನೇ ಲೆನ್ಸಲ್ಲಿ. ಲೆನ್ಸ್ ಕೂರೋ ನಿಕಾನ್ ಎಫ್ ಮೌಂಟ್ 1959ರಿಂದ ಒಂದೇ ಅಲ್ವಾ, ಯಾವುದಾದ್ರೂ ಕೂರುತ್ತೆ ಅಂದ್ಕೊಂಡು ಬರೀ ಫೋಟೋ ನೋಡಿ ಆನ್‌ಲೈನಲ್ಲಿ ನಿಕ್ಕೋರ್-ಕ್ಯೂ 135 ಎಂಎಂ ಎಫ್3.5 ತರಿಸಿದೆ. ಮಾರಿದವನು ಎಲ್ಲಾ ನಿಕಾನಿಗೂ ಆಗುತ್ತೆ ಅಂತ ಬರೆದಿದ್ದ. ಹಾಕೋಕೆ ಹೋದ್ರೆ ಅಪರ್ಚರ್ (ಲೆನ್ಸೊಳಗೆ ಬೆಳಕು ಬರೋ ಕಂಡಿ) ಹೊಂದಿಸೋ ರಿಂಗಿನ ಅಂಚು ಮೌಂಟ್ ಪಕ್ಕದ ಪುಟ್ಟ ಲಿವರಿಗೆ ತಾಗ್ತಿದೆ! ಜೋರು ಮಾಡದೆ ಕೈ ತೆಗೆದೆ, ಅವತ್ತು ಅದೊಂದು ಒಳ್ಳೇ ಕೆಲಸ ಮಾಡಿದ್ದು.

ವಿಷಯ ಏನಪ್ಪಾ ಅಂದ್ರೆ ಇದು ಎಐ ಅಲ್ಲದ ಲೆನ್ಸು. ಇಲ್ಲಿ ಎಐ ಅಂದ್ರೆ ಆಟೋಮ್ಯಾಟಿಕ್ ಇಂಡೆಕ್ಸಿಂಗ್, ಅಪರ್ಚರ್ ಎಷ್ಟರಲ್ಲಿದೆ ಅಂತ ಮೀಟರಿಗೆ ತಿಳಿಸೋ ವ್ಯವಸ್ಥೆ, ಅದು ಬಂದಿದ್ದೇ 1977ರಲ್ಲಿ. ಎಐ ಲೆನ್ಸಿನ ರಿಂಗ್ ಮೇಲೆ ಎಫ್ ನಂಬರುಗಳು (ಅಪರ್ಚರಿನ ಅಳತೆ) ಎರಡು ಸಾಲು ಇರುತ್ತೆ, ಹಳೇದರಲ್ಲಿ ಒಂದೇ ಸಾಲು. ಕೊಳ್ಳೋ ಮುಂಚೆ ಆ ರಿಂಗಿನ ಫೋಟೋ ಕೇಳಿದ್ರೆ ಸಾಕಿತ್ತು. ನನ್ನ ಪುಣ್ಯಕ್ಕೆ ಎಫ್‌ಎಂನಲ್ಲಿ ಆ ಲಿವರನ್ನ ಮೇಲಕ್ಕೆ ಮಡಚಬಹುದು, ಎಫ್‌ಎಂ2ನಲ್ಲಿ ಮಡಚೋಕೆ ಆಗಲ್ಲ, ಒತ್ತಿ ತಿರುಗಿಸಿದ್ರೆ ಕ್ಯಾಮೆರಾನೇ ಹಾಳು. ಮಡಚಿದ್ಮೇಲೆ ಲೆನ್ಸ್ ಸಲೀಸಾಗಿ ಕೂತ್ಕೊಳ್ತು. ಆದ್ರೆ ಲಿವರ್ ಮಡಚಿದ್ರೆ ಅಪರ್ಚರ್ ಎಷ್ಟು ಅಂತ ಮೀಟರಿಗೆ ಗೊತ್ತಾಗಲ್ಲ, ಹಾಗಾಗಿ ಮೀಟರ್ ನೋಡೋವಾಗೆಲ್ಲ ಅಪರ್ಚರನ್ನ ಹೊಂದಿಸಿದಷ್ಟಕ್ಕೆ ಮುಚ್ಚೋ ಮುಂದಿನ ಪ್ರಿವ್ಯೂ ಲಿವರ್ ಒತ್ತಿ ಹಿಡೀಬೇಕು, ಎಫ್8ರಲ್ಲಿ ವ್ಯೂಫೈಂಡರ್ ಕತ್ತಲಾಗುತ್ತೆ, ಹಾಗಾಗಿ ಮೊದಲು ಫೋಕಸ್ ಮಾಡ್ಕೊಂಡು ಆಮೇಲೆ ಒತ್ತೋದು ರೂಢಿ ಮಾಡ್ಕೊಂಡೆ.

ತಮ್ಮನ ಡಿಜಿಟಲ್ ಕ್ಯಾಮೆರಾದ 50 ಎಂಎಂ 1.8ಜಿ ಲೆನ್ಸನ್ನೂ ಹಾಕಿ ನೋಡಿದೆ, ಕೂರುತ್ತೆ, ಆದ್ರೆ ಅದಕ್ಕೆ ಅಪರ್ಚರ್ ರಿಂಗೇ ಇಲ್ಲ, ಯಾವಾಗ ಕ್ಲಿಕ್ ಮಾಡಿದ್ರೂ ಕನಿಷ್ಠ ಅಪರ್ಚರಿಗೇ ಮುಚ್ಚಿಕೊಳ್ಳುತ್ತೆ. ಅದೇ 1.8ಡಿ ಆದ್ರೆ ರಿಂಗ್ ಇರುತ್ತೆ, ಮೀಟರೂ ಕೆಲಸ ಮಾಡುತ್ತೆ, ಆಟೋಫೋಕಸ್ ಮಾತ್ರ ಇರಲ್ಲ.

ಮೊದಲನೇ ರೋಲು ಕೊಡಾಕ್ ಗೋಲ್ಡ್ 200, ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಲ್ಲಿ ತೆಗೆದಿದ್ದು. ಫೋಮ್ ಬದಲಾಯಿಸೋ ತಾಳ್ಮೆ ಇರ್ಲಿಲ್ಲ, ಆರು ಫ್ರೇಮಿನ ಅಂಚಲ್ಲಿ ಕಿತ್ತಳೆ ಬಣ್ಣದ ಗೆರೆ ಬಂತು. ಆ ಭಾನುವಾರವೇ ಐಸೊಪ್ರೊಪೈಲ್ ಆಲ್ಕೋಹಾಲ್, ಹಲ್ಲುಕಡ್ಡಿ ಹಿಡ್ಕೊಂಡು ಕೂತು ಕ್ಯಾಮೆರಾ ಒಳಗಿನ ಕನ್ನಡಿಗೆ ಒಂದು ಹನಿನೂ ತಾಗದ ಹಾಗೆ ಹಳೇದನ್ನೆಲ್ಲ ಕೆರೆದು ಹೊಸ ಫೋಮ್ ಅಂಟಿಸಿದೆ. ಎರಡನೇ ರೋಲಲ್ಲಿ ಗೆರೆ ಇಲ್ಲ, ಆ 135ರಲ್ಲಿ ತೆಗೆದ ಕನಕಾಂಬರ ಕಟ್ಟೋ ಅಜ್ಜಿಯ ಬೆರಳುಗಳು ಎಷ್ಟು ಚೆನ್ನಾಗಿ ಬಂದಿವೆ ಅಂದ್ರೆ ಬಾಳೆನಾರಿನ ಎಳೆ ಕೂಡ ಬಿಡಿಬಿಡಿಯಾಗಿ ಕಾಣುತ್ತೆ.